ಬೆಳ್ಳಿ ಹಚ್ಚಿದ ಅಂಗಿ ಮತ್ತು ಕಲಬುರಗಿಯ ಬ್ಯಾಸಿಗೆ

ಮೊದಲೇ ಹೇಳಿಬಿಡುತ್ತೇನೆ. ವಾಸನೆ ತಡೆಯುತ್ತದೆ ಅಂತ 1,800 ರೂಪಾಯಿ ಕೊಟ್ಟು ತಂದ ಬೆಳ್ಳಿ ಲೇಪನದ ಪಾಲಿಯೆಸ್ಟರ್ ಅಂಗಿ ಎರಡನೇ ದಿನಕ್ಕೆ ಛಲೋ, ಮೂರನೇ ದಿನಕ್ಕೆ ಅಷ್ಟಕ್ಕಷ್ಟೇ, ಎರಡನೇ ಬ್ಯಾಸಿಗೆಗೆ ಮಾಮೂಲಿ ಅಂಗಿ. ಇಷ್ಟು ಸಾಕು ಅನ್ನುವವರು ಇಲ್ಲಿಗೇ ಬಿಟ್ಟರೂ ನಡೆಯುತ್ತದೆ. ಯಾಕೆ ಹೀಗೆ, ಯಾರು ಕೊಳ್ಳಬೇಕು, ಯಾರು ಆ ದುಡ್ಡು ಉಳಿಸಿಕೊಳ್ಳಬೇಕು ಅನ್ನುವುದು ಮುಂದಿದೆ. ಕಂಪನಿ ಹೆಸರು ಬರೆಯುವುದಿಲ್ಲ. ಓಡುವವರಿಗೆ, ಗುಡ್ಡ ಹತ್ತುವವರಿಗೆ, ಸೈಕಲ್ಲಿನವರಿಗೆ ಅಂತ ಅಂಗಡಿಯಲ್ಲಿ ತೂಗಾಡುವ ಅಂಗಿಗಳಲ್ಲಿ ಭಾಳಷ್ಟರ ಮೇಲೆ ಈಗ ‘ಆಂಟಿ ಓಡರ್’ ಅನ್ನುವ ಚೀಟಿ ಇರುತ್ತದೆ. ನನ್ನ ಮಾತು ಆ ಪೂರಾ ಜಾತಿಯ ಬಗ್ಗೆ.

ನಾನು ಪರವಾನಗಿ ಭೂಮಾಪಕಿ. ಹೊಲದ ಗಡಿ ಗುರುತಿಸುವ ಹದ್ದುಬಸ್ತು, ಪಾಲು ಬೇರೆ ಮಾಡುವ ಪೋಡಿ, ಹೊಲದ ಒಂದು ಭಾಗ ಮಾರಲು ಬೇಕಾಗುವ 11ಇ ನಕ್ಷೆ, ಇವೇ ನನ್ನ ರೊಟ್ಟಿ. ನಮ್ಮ ಕಡೆ ತೊಗರಿ ಕಿತ್ತು, ಜೋಳ ಕೊಯ್ದು, ಹೊಲ ಖಾಲಿ ಬಿದ್ದ ಮೇಲೆಯೇ ಅಳತೆಗೆ ಕರೆ ಜಾಸ್ತಿ. ನಿಂತ ಬೆಳೆಯಲ್ಲಿ ಸರಪಳಿ ಎಳೆಯಲಿಕ್ಕೂ ಆಗದು, ಉಪಗ್ರಹದ ಸಂಕೇತದಿಂದ ಅಳೆಯುವ ರೋವರ್ ಯಂತ್ರ ಹಿಡಿದು ನಡೆಯಲಿಕ್ಕೂ ಆಗದು, ರೈತ ಬಿಡುವುದೂ ಇಲ್ಲ. ಹೀಗಾಗಿ ಊರ ಮಂದಿಯೆಲ್ಲ ಕೂಲರ್ ಮುಂದೆ ಕೂತಿರುವ ಏಪ್ರಿಲ್, ಮೇ ತಿಂಗಳಲ್ಲೇ, ಉಷ್ಣಾಂಶ 42 ಡಿಗ್ರಿ ದಾಟಿದ ಹೊತ್ತಿನಲ್ಲೇ, ನಾನು ಎರೆ ಹೊಲದ ನಟ್ಟನಡುವೆ ಬಾಂದು ಕಲ್ಲು ಹುಡುಕುತ್ತ ನಿಂತಿರುತ್ತೇನೆ. ಪಹಣಿಯಲ್ಲಿ ನಾಲ್ಕು ಎಕರೆ ಹದಿಮೂರು ಗುಂಟೆ ಅಂತ ಇರುತ್ತದೆ, ಕಲ್ಲು ಮಾತ್ರ ಪಕ್ಕದವನ ಬದುವಿನೊಳಗೆ ಹೂತುಹೋಗಿರುತ್ತದೆ. ಇಬ್ಬರೂ ಜಗಳಕ್ಕೆ ನಿಂತಿರುತ್ತಾರೆ. ಅಂಥ ಹೊತ್ತಲ್ಲಿ ನನ್ನ ಅಂಗಿ ನಾರುತ್ತಿದೆಯೋ ಇಲ್ಲವೋ ಅನ್ನುವ ಚಿಂತೆ ಯಾರಿಗೂ ಇರುವುದಿಲ್ಲ. ಚಿಂತೆ ಶುರುವಾಗುವುದು ಸಂಜೆ ಬಸ್ಸಿನಲ್ಲಿ. ಶಕ್ತಿ ಯೋಜನೆ ಬಂದ ಮೇಲೆ ಆಳಂದ ಕಡೆಯ ಬಸ್ಸಿನಲ್ಲಿ ನಿಲ್ಲಲಿಕ್ಕೆ ಜಾಗ ಸಿಕ್ಕರೆ ಅದೇ ಪುಣ್ಯ. ಮೇಲಿನ ಸರಳು ಹಿಡಿಯಲು ಕೈ ಎತ್ತಿದರೆ ಪಕ್ಕದಾಕೆಯ ಮುಖ ನನ್ನ ಕಂಕುಳಿಗೆ ನೇರ.

ಹಾಗಾದರೆ ಹತ್ತಿ ಅಂಗಿ ತೊಡಬಾರದೇ ಅಂತ ಕೇಳುವವರಿದ್ದಾರೆ. ತೊಡುತ್ತಿದ್ದೆ. ಹತ್ತಿ ಬೆವರು ಕುಡಿದು ಕೂಡುತ್ತದೆ. ರೋವರ್ ಚೀಲದ ಪಟ್ಟಿ ಭುಜದ ಮೇಲೆ ಎಲ್ಲಿ ಕೂತಿದೆಯೋ ಅಲ್ಲಿ ಒದ್ದೆ ಬಟ್ಟೆ ಚರ್ಮಕ್ಕೆ ಉಜ್ಜಿ ಉಜ್ಜಿ ಕೆಂಪಾಗುತ್ತದೆ. ಒಣಗಿದ ಮೇಲೆ ಬೆನ್ನ ಮೇಲೆ ಬಿಳಿ ಉಪ್ಪಿನ ಗೆರೆ. ಪಾಲಿಯೆಸ್ಟರ್ ಹಾಗಲ್ಲ. ಆ ದಾರ ತನ್ನೊಳಗೆ ನೀರು ಇಟ್ಟುಕೊಳ್ಳುವುದೇ ಇಲ್ಲ ಅನ್ನಬೇಕು. ಸಾಧಾರಣ ಹವೆಯಲ್ಲಿ ಹತ್ತಿ ತನ್ನ ತೂಕದ ಶೇಕಡಾ 8ರ ಆಸುಪಾಸು ತೇವ ಹಿಡಿದಿಟ್ಟರೆ ಪಾಲಿಯೆಸ್ಟರ್ ಹಿಡಿಯುವುದು ಶೇಕಡಾ 0.4 ಅಷ್ಟೇ. ಒಂದು ಕಲ್ಲಿನಿಂದ ಇನ್ನೊಂದು ಕಲ್ಲಿಗೆ ನಡೆಯುವುದರೊಳಗೆ ಬೆನ್ನು ಒಣಗಿರುತ್ತದೆ. ತೂಕ ಇಲ್ಲ, ಇಸ್ತ್ರಿ ಬೇಡ, ಜಾಲಿ ಮುಳ್ಳಿಗೆ ಸಿಕ್ಕರೂ ಸಟ್ಟನೆ ಹರಿಯುವುದಿಲ್ಲ. ಎಲ್ಲ ಸರಿ, ವಾಸನೆ ಒಂದು ಬಿಟ್ಟು.

ಆ ವಾಸನೆಯ ಗುಣವೇ ಬೇರೆ. ಒಗೆದು, ಬಿಸಿಲಿಗೆ ಹಾಕಿ, ಮಡಚಿಟ್ಟ ಅಂಗಿ ಮೂಗಿಗೆ ಹಿಡಿದರೆ ಏನೂ ಇಲ್ಲ. ಮರುದಿನ ಬೆಳಿಗ್ಗೆ ತೊಟ್ಟು ಬಸ್‌ಸ್ಟ್ಯಾಂಡಿಗೆ ನಡೆಯುವಷ್ಟರಲ್ಲಿ, ಮೈ ತುಸು ಬಿಸಿಯಾದ ಕೂಡಲೇ, ಕಂಕುಳಿನಿಂದ ಹಸಿ ಉಳ್ಳಾಗಡ್ಡಿಯ ಘಾಟು ಏಳುತ್ತದೆ. ಹೊಸ ಬೆವರು ಇನ್ನೂ ಬಂದೇ ಇರುವುದಿಲ್ಲ, ವಾಸನೆ ನಿನ್ನೆಯದು. ನಮ್ಮ ಅತ್ತೆ ಇದನ್ನು ನನಗಿಂತ ಮೊದಲೇ ಕಂಡುಹಿಡಿದಿದ್ದರು. “ಯವ್ವಾ, ಈ ಅಂಗಿ ನನ್ನ ಸೀರಿ ಸಂಗಟ ಮಷಿನ್ದಾಗ ಹಾಕಬ್ಯಾಡ. ಒಗದ್ರೂ ಹೋಗಂಗಿಲ್ಲ ಇದು, ಉಳದಿದ್ದಕ್ಕ ಬಡಕೋತದ” ಅಂದರು. ಅಂದಿನಿಂದ ನನ್ನ ಹೊಲದ ಅರಿವೆಗೆ ಬೇರೆ ಬಕೀಟು.

ಕಾರಣ ತಿಳಿಯದೆ ಈ ಲೇಪನಗಳ ಬೆಲೆ ಕಟ್ಟಲಿಕ್ಕೆ ಆಗುವುದಿಲ್ಲ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬೆವರಿಗೆ ಹೆಚ್ಚೂಕಮ್ಮಿ ವಾಸನೆಯೇ ಇಲ್ಲ. ಮೈತುಂಬ ಬರುವ ಬೆವರು ಉಪ್ಪುನೀರು. ಕಂಕುಳಲ್ಲಿ ಬೇರೆ ನಮೂನೆಯ ಗ್ರಂಥಿಗಳೂ ಇವೆ, ಅವುಗಳ ಬೆವರಲ್ಲಿ ಜಿಡ್ಡು, ಪ್ರೋಟೀನು ಎಲ್ಲ ಬೆರೆತಿರುತ್ತದೆ. ಚರ್ಮದ ಮೇಲಿನ ಬ್ಯಾಕ್ಟೀರಿಯಾಗಳು ಅದನ್ನು ತಿಂದು ಬಿಡುವ ಆಮ್ಲಗಳೂ ಗಂಧಕದ ಸಂಯುಕ್ತಗಳೂ ಸೇರಿದರೆ ನಾವು ಹೇಳುವ ‘ಬೆವರು ವಾಸನೆ’. ಉಳ್ಳಾಗಡ್ಡಿ ಘಾಟು ಆ ಗಂಧಕದ್ದು. ಇಲ್ಲಿಯವರೆಗೆ ಹತ್ತಿಗೂ ಪಾಲಿಯೆಸ್ಟರಿಗೂ ಭೇದವಿಲ್ಲ. ಭೇದ ಬರುವುದು ಆಮೇಲೆ. ಪಾಲಿಯೆಸ್ಟರಿಗೆ ನೀರು ಬೇಡ, ಎಣ್ಣೆ ಜಿಡ್ಡು ಅಂದರೆ ಪ್ರೀತಿ. ಉಪ್ಪಿನಕಾಯಿ ಹಾಕಿಟ್ಟ ಪ್ಲಾಸ್ಟಿಕ್ ಡಬ್ಬಿಯನ್ನು ಎಷ್ಟು ತಿಕ್ಕಿದರೂ ಮುಚ್ಚಳ ತೆಗೆದಾಗ ಘಮ್ ಅನ್ನುವುದಿಲ್ಲವೇ, ಅದೇ ಕಥೆ. ಡಬ್ಬಿಯೂ ಪ್ಲಾಸ್ಟಿಕ್ಕೇ, ಅಂಗಿಯೂ ಪ್ಲಾಸ್ಟಿಕ್ಕೇ. ಮೈಯ ಜಿಡ್ಡು ದಾರಕ್ಕೆ ಅಂಟಿಕೊಳ್ಳುತ್ತದೆ, ಆ ಜಿಡ್ಡಿನಲ್ಲಿ ವಾಸನೆಯ ಅಣುಗಳು ಮನೆ ಮಾಡುತ್ತವೆ, ತಣ್ಣೀರಿನ ಒಗೆತಕ್ಕೆ ಅಲುಗುವುದಿಲ್ಲ, ಮೈ ಬಿಸಿಯಾದಾಗ ಮತ್ತೆ ಹೊರಗೆ ಬರುತ್ತವೆ.

ಬ್ಯಾಕ್ಟೀರಿಯಾಗಳಲ್ಲೂ ಪಾಲಿಯೆಸ್ಟರನ್ನೇ ಇಷ್ಟಪಡುವವು ಇವೆ. ಬೆಲ್ಜಿಯಂನ ಘೆಂಟ್ ವಿಶ್ವವಿದ್ಯಾಲಯದವರು 26 ಮಂದಿಗೆ ಅಂಗಿ ತೊಡಿಸಿ, ಒಂದು ತಾಸು ಜಿಮ್ಮಿನ ಸೈಕಲ್ ತುಳಿಸಿ, ಆ ಅಂಗಿಗಳನ್ನು ಒಂದು ದಿನಕ್ಕೂ ಮಿಕ್ಕಿ ಕಾಪಿಟ್ಟು ಆಮೇಲೆ ಮೂಸಿಸಿದರು. 2014ರಲ್ಲಿ ಅದರ ಫಲಿತಾಂಶ ಬಂತು. ಪಾಲಿಯೆಸ್ಟರ್ ಅಂಗಿಗಳು ಹತ್ತಿಗಿಂತ ಕೆಟ್ಟದಾಗಿ ನಾರುತ್ತಿದ್ದವು, ಮೈಕ್ರೊಕಾಕಸ್ ಅನ್ನುವ ಬ್ಯಾಕ್ಟೀರಿಯಾ ಪಾಲಿಯೆಸ್ಟರ್ ಮೇಲೆ ಚೆನ್ನಾಗಿ ಹುಲುಸಾಗಿತ್ತು. ಇನ್ನೊಬ್ಬರ ಬೆವರಿನ ಅಂಗಿ ಮೂಸುವ ನೌಕರಿಯೂ ಜಗತ್ತಿನಲ್ಲಿದೆ ಅಂತ ಓದಿ ನನ್ನ ಕೆಲಸವೇ ವಾಸಿ ಅನ್ನಿಸಿತು.

ಈಗ ಅಂಗಡಿಗೆ ಬನ್ನಿ. ಸೂಪರ್ ಮಾರ್ಕೆಟ್ ಕಡೆಯ ಒಂದು ಕ್ರೀಡಾ ಅಂಗಡಿಯಲ್ಲಿ ಇಂಥ ಅಂಗಿ ಕೇಳಿದೆ. ಹುಡುಗ ಎರಡು ತೆಗೆದು ಗಾಜಿನ ಮೇಲೆ ಹಾಸಿದ. ಒಂದು 350 ರೂಪಾಯಿಯದು, ಇನ್ನೊಂದು 1,800ರದು.

“ಅಕ್ಕಾ, ಇದು ಸಿಲ್ವರ್ ಅದರಿ. ಹದಿನೈದು ದಿನ ಒಗೀಲಿಲ್ಲಂದ್ರೂ ನಡೀತದ.”

“ಯಾರು ಹಾಕಿ ನೋಡ್ಯಾರೋ ತಮ್ಮಾ?”

“ಕಂಪನಿಯವ್ರು ಹೇಳ್ತಾರ್ರಿ.”

“ಈ ಮುನ್ನೂರೈವತ್ತರದಕ್ಕೂ ಆಂಟಿ ಬ್ಯಾಕ್ಟೀರಿಯಾ ಅಂತ ಬರದಾರಲ್ಲ?”

“ಅದು ಬರೇ ಪ್ರಿಂಟ್ ಅದರಿ ಅಕ್ಕಾ, ನಿಮ್ಮ ಮುಂದ ಸುಳ್ಳ್ಯಾಕ ಹೇಳ್ಲಿ.”

ಇಷ್ಟು ಪ್ರಾಮಾಣಿಕ ವ್ಯಾಪಾರಿ ಸಿಕ್ಕಿದ್ದಕ್ಕೆ ಎರಡೂ ಕೊಂಡೆ. ಹೋಲಿಸಿ ನೋಡಲಿಕ್ಕೆ ಒಂದು ಸಾದಾ ಅಂಗಿಯೂ ಬೇಕಿತ್ತು.

ಚೀಟಿ ಓದುವುದನ್ನು ಕಲಿತರೆ ಅರ್ಧ ಕೆಲಸ ಮುಗಿಯಿತು. ‘ಫ್ರೆಶ್’, ‘ಆಕ್ಟಿವ್’, ‘ಹೈಜೀನ್’ ಅನ್ನುವ ಮಾತಿಗೆ ಬೆಲೆ ಇಲ್ಲ. ಏನು ಹಾಕಿದ್ದಾರೆ ಅಂತ ಇರಬೇಕು. ಯುರೋಪಿಗೆ ಹೋಗುವ ಮಾಲಿನಲ್ಲಿ, ಬ್ಯಾಕ್ಟೀರಿಯಾ ತಡೆಯುತ್ತದೆ ಅಂತ ಹೇಳಿಕೊಂಡರೆ ಯಾವ ವಸ್ತುವಿನಿಂದ ಅಂತ ಬರೆಯಲೇಬೇಕು, ಅಲ್ಲಿಯ 2012ರ ಜೈವಿಕನಾಶಕ ನಿಯಮ ಹಾಗಿದೆ. ಅದಕ್ಕೇ ಒಳ್ಳೆಯ ಅಂಗಿಗಳ ಒಳಚೀಟಿಯಲ್ಲಿ ಸಣ್ಣ ಅಕ್ಷರದಲ್ಲಿ ‘ಸಿಲ್ವರ್ ಕ್ಲೋರೈಡ್’ ಅಂತಲೋ ‘ಜಿಂಕ್ ಪೈರಿಥಿಯೋನ್’ ಅಂತಲೋ ಕಾಣುತ್ತದೆ. ಈ ಎರಡನೆಯದು ತಲೆಹೊಟ್ಟಿನ ಶಾಂಪೂಗಳಲ್ಲಿ ಇರುತ್ತಿದ್ದ ಅದೇ ವಸ್ತು. ನನ್ನ 1,800ರ ಅಂಗಿಯ ಪಕ್ಕೆಯ ಹೊಲಿಗೆಯಲ್ಲಿ ಮೂರು ಚೀಟಿ ಒಂದರ ಮೇಲೊಂದು ಇದ್ದವು. ಮೂರನೆಯದರಲ್ಲಿ, ಹತ್ತು ಭಾಷೆಗಳ ನಡುವೆ, ಸಿಲ್ವರ್ ಕ್ಲೋರೈಡ್ ಸಿಕ್ಕಿತು. 350ರದರಲ್ಲಿ ಅಳತೆ ಬಿಟ್ಟರೆ ಏನೂ ಇರಲಿಲ್ಲ.

ಬೆಳ್ಳಿ ಮಾಡುವ ಕೆಲಸ ಸರಳ. ತೇವ ತಾಗಿದಾಗ ಅದರಿಂದ ಅಯಾನುಗಳು ಹೊರಡುತ್ತವೆ, ಬ್ಯಾಕ್ಟೀರಿಯಾದ ಪ್ರೋಟೀನಿಗೆ ಅಂಟಿ ಅದರ ಉಸಿರು ಕಟ್ಟಿಸುತ್ತವೆ. ಸ್ವೀಡನ್ನಿನ ಪಾಲಿಜೀನ್, ಸ್ವಿಟ್ಜರ್ಲೆಂಡಿನ ಸ್ಯಾನಿಟೈಸ್ಡ್, ಹೈಕ್ಯು, ಇವೆಲ್ಲ ಈ ವ್ಯಾಪಾರದ ದೊಡ್ಡ ಹೆಸರುಗಳು. ನಮ್ಮ ಬೆಂಗಳೂರಿನಿಂದ ಬರುವ ಎನ್9 ಕೂಡ ಬೆಳ್ಳಿಯದೇ. ಇವರು ಅಂಗಿ ಹೊಲಿಯುವುದಿಲ್ಲ, ಗಿರಣಿಯವರಿಗೆ ಔಷಧಿ ಕೊಡುತ್ತಾರೆ. ಔಷಧಿಯನ್ನು ಎಲ್ಲಿ ಹಾಕಿದ್ದಾರೆ ಅನ್ನುವುದೇ ಮುಖ್ಯ. ದಾರ ತೆಗೆಯುವಾಗಲೇ ಒಳಗೆ ಬೆರೆಸಿದರೆ ಬಾಳಿಕೆ ಜಾಸ್ತಿ. ಬಟ್ಟೆ ನೇಯ್ದಾದ ಮೇಲೆ ಅಂಟಿನ ಜೊತೆ ಅದ್ದಿ, ಶಾಖ ಕೊಟ್ಟು ಕೂರಿಸಿದರೆ ಅಗ್ಗ, ಒಗೆತಕ್ಕೆ ಬಿಡುತ್ತದೆ. ಅಮೆರಿಕದ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಇಬ್ಬರು 2008ರಲ್ಲಿ ಬೆಳ್ಳಿಯ ಕಾಲುಚೀಲಗಳನ್ನು ನೀರಲ್ಲಿ ಒಗೆದು ಅಳೆದಾಗ ಕೆಲವು ನಾಲ್ಕೇ ಒಗೆತಕ್ಕೆ ಹತ್ತಿರಹತ್ತಿರ ಎಲ್ಲ ಬೆಳ್ಳಿ ಕಳಕೊಂಡಿದ್ದವು, ಕೆಲವು ಹೆಚ್ಚೂಕಮ್ಮಿ ಏನೂ ಬಿಟ್ಟಿರಲಿಲ್ಲ. ಹೊರಗೆ ನೋಡಲಿಕ್ಕೆ ಎಲ್ಲವೂ ಕಾಲುಚೀಲವೇ. ಅಂಗಡಿಯಲ್ಲಿ ನಿಂತು ಇದು ಯಾವ ಜಾತಿ ಅಂತ ಹೇಳಲು ಗಿರಾಕಿಗೆ ದಾರಿಯೇ ಇಲ್ಲ. ಈ ವ್ಯಾಪಾರದ ಮೇಲೆ ನನ್ನ ದೊಡ್ಡ ತಕರಾರು ಅದೇ. ಶೇಕಡಾ 99.9 ಬ್ಯಾಕ್ಟೀರಿಯಾ ಸಾಯುತ್ತದೆ ಅಂತ ದಪ್ಪ ಅಕ್ಷರದಲ್ಲಿ ಬರೆಯುತ್ತಾರೆ. ಆ ಲೆಕ್ಕ ಪ್ರಯೋಗಾಲಯದ್ದು: ಬಟ್ಟೆಯ ತುಂಡಿನ ಮೇಲೆ ಗೊತ್ತಾದ ಬ್ಯಾಕ್ಟೀರಿಯಾ ಹಾಕಿ, ಒದ್ದೆಯಾಗಿಯೇ ಇಟ್ಟು, ಒಂದು ಹಗಲು ಒಂದು ರಾತ್ರಿ ಬಿಟ್ಟು ಎಣಿಸಿದ್ದು. ಅದರಲ್ಲಿ ನನ್ನ ಕಂಕುಳ ಇಲ್ಲ, ಎರೆ ಮಣ್ಣಿನ ಧೂಳಿಲ್ಲ, ಮೈಯ ಜಿಡ್ಡಿಲ್ಲ. ಎಷ್ಟು ಒಗೆತದ ನಂತರ ಎಷ್ಟು ಉಳಿಯುತ್ತದೆ ಅಂತ ಬರೆದಿದ್ದರೆ ಉಪಯೋಗವಿತ್ತು.

ಹಾಗಂತ ಮೋಸ ಅನ್ನಲಾರೆ. ಒಳ್ಳೆಯದಾದದ್ದನ್ನೂ ಹೇಳಬೇಕು.

ಚಿಂಚೋಳಿ ತಾಲೂಕಿನ ಒಳಹಳ್ಳಿಗಳ ಕಡೆ ಕೆಲಸ ಬಿದ್ದರೆ ದಿನಾ ಕಲಬುರಗಿಗೆ ಬಂದುಹೋಗುವುದು ಆಗದ ಮಾತು. ಅಲ್ಲೇ ಯಾರದಾದರೂ ಮನೆಯ ಪಡಸಾಲೆಯಲ್ಲಿ ಉಳಿಯಬೇಕು. ಚಂದ್ರಂಪಳ್ಳಿ ಕೆರೆಯ ಆಚೆಗಿನ ಕಾಡು ನೋಡಲು ಚೆಂದ, ಬ್ಯಾಸಿಗೆಯಲ್ಲಿ ಆ ಕಡೆಯ ತಾಂಡಾಗಳಲ್ಲಿ ಕುಡಿಯುವ ನೀರಿಗೇ ಸರದಿ ನಿಲ್ಲುವವರ ಮುಂದೆ ಅಂಗಿ ಒಗೆಯಲು ಒಂದು ಬಕೀಟು ಕೇಳುವ ಬಾಯಿ ಬರುವುದಿಲ್ಲ. ಒಂದೇ ಅಂಗಿಯಲ್ಲಿ ಎರಡು ದಿನ, ಒಮ್ಮೊಮ್ಮೆ ಮೂರು. ಬೆಳ್ಳಿಯ ಅಂಗಿ ಹೊಸದಿದ್ದಾಗ ಅಲ್ಲಿಗೇ ಹಾಕಿಕೊಂಡು ಹೋದೆ. ಮೊದಲ ದಿನ ಸಂಜೆ ತೆಗೆದು, ತಿರುವಿ, ಬೇವಿನ ಟೊಂಗೆಗೆ ಹಾಕಿದೆ. ಬೆಳಿಗ್ಗೆ ಒಳಗಿನ ಹೊಲಿಗೆಗೆ ಮೂಗು ಹಚ್ಚಿ ನೋಡಿದರೆ ಉಪ್ಪಿನ ವಾಸನೆ, ಧೂಳಿನ ವಾಸನೆ, ಅಷ್ಟೇ. ಉಳ್ಳಾಗಡ್ಡಿ ಇಲ್ಲ. ಎರಡನೇ ದಿನ ಸಂಜೆ ನನಗೆ ನಂಬಿಕೆ ಬರಲಿಲ್ಲ. ನನ್ನ ಜೊತೆ ಕಲ್ಲು, ಪ್ರಿಸಮ್ಮು, ಛತ್ರಿ ಎಲ್ಲ ಹೊರುವ ಕಾಕಾ ಇದ್ದಾರೆ, ಅಪ್ಪನ ವಯಸ್ಸಿನವರು, ಮುಚ್ಚುಮರೆ ಗೊತ್ತಿಲ್ಲದವರು. ಅವರನ್ನೇ ಕೇಳಿದೆ.

“ಕಾಕಾ, ಖರೆ ಹೇಳ್ರಿ, ನನ್ನ ಅಂಗಿ ವಾಸ್ನಿ ಬರ್ಲತ್ತದೇನು?”

“ನಿಂದೇನಿಲ್ಲ ಬಿಡವ್ವ. ನಂದೇ ಬರ್ಲತ್ತದ, ಸ್ವಲ್ಪ ದೂರ ಕುಂದ್ರು.”

ಅವರದು ಬಿಳಿ ಹತ್ತಿ ಬನಿಯನ್ನು, ಮೇಲೊಂದು ಟೆರಿಕಾಟ್ ಅಂಗಿ. ಪಕ್ಕಾ ಪರೀಕ್ಷೆ ಅಂತ ಹೇಳಲು ಬರುವುದಿಲ್ಲ, ಕಾಕಾ ತಂಬಾಕು ಬೇರೆ ಹಾಕುತ್ತಾರೆ. ಆದರೂ 350ರ ಸಾದಾ ಅಂಗಿ ತೊಟ್ಟು ಅಂಥದೇ ಕೆಲಸಕ್ಕೆ ಹೋದಾಗ ಎರಡನೇ ದಿನ ಬೆಳಿಗ್ಗೆಯೇ ನನಗೇ ತಡೆಯಲಾಗಿರಲಿಲ್ಲ. ಭೇದ ಇದೆ, ಮೂಗಿಗೆ ತಿಳಿಯುವಷ್ಟು ಇದೆ. ಮೂರನೇ ದಿನ ಬೆಳ್ಳಿಯೂ ಸೋಲುತ್ತದೆ, ಕಂಕುಳಿಗಿಂತ ಮೊದಲು ಬೆನ್ನಿನ ನಡುವೆ, ಚೀಲ ಒತ್ತಿ ಗಾಳಿಯಾಡದ ಜಾಗದಲ್ಲಿ.

ಸೋಲಲು ಕಾರಣ ಮೇಲೆ ಹೇಳಿದ್ದರಲ್ಲೇ ಇದೆ. ಬೆಳ್ಳಿ ಬ್ಯಾಕ್ಟೀರಿಯಾದ ಮೇಲೆ ಕೆಲಸ ಮಾಡುತ್ತದೆ, ಜಿಡ್ಡಿನ ಮೇಲೆ ಅಲ್ಲ. ಚರ್ಮದ ಮೇಲೆ ಆಗಲೇ ತಯಾರಾದ ವಾಸನೆ ಬಂದು ದಾರಕ್ಕೆ ಕೂಡುವುದನ್ನು ಅದು ತಡೆಯಲಾರದು. ಜಿಡ್ಡು ಪದರಾಗಿ ಬೆಳೆದಂತೆ ಬೆಳ್ಳಿಯೇ ಅದರ ಕೆಳಗೆ ಹೂತುಹೋಗುತ್ತದೆ, ತೇವಕ್ಕೂ ಬ್ಯಾಕ್ಟೀರಿಯಾಕ್ಕೂ ತಾಗದೆ. ಅಂದರೆ ಬೆಳ್ಳಿ ಕೆಲಸ ಮಾಡಬೇಕಾದರೂ ಅಂಗಿ ಸರಿಯಾಗಿ ಒಗೆದಿರಬೇಕು. ‘ಒಗೆಯದಿದ್ದರೂ ನಡೆಯುತ್ತದೆ’ ಅಂತ ಮಾರುವ ಅಂಗಿಗೆ ಉಳಿದ ಅಂಗಿಗಿಂತ ಚೊಕ್ಕ ಒಗೆತ ಬೇಕು, ನೋಡಿ.

ಒಗೆತದ ಮಾತು ಬಂದರೆ ನಮ್ಮ ನೀರಿನ ಮಾತು ಬರಲೇಬೇಕು. ನಮ್ಮ ಓಣಿಯಲ್ಲಿ ನಳದ ನೀರು ಬರುವ ದಿನ ಹಬ್ಬ, ಉಳಿದ ದಿನ ಬೋರಿನ ಸವಳ ನೀರು. ಬಕೀಟಿನ ಅಂಚಿಗೆ ಬಿಳಿ ಪಟ್ಟಿ ಕಟ್ಟುವ, ಸೋಲಾರ್ ಕೊಳವೆಯನ್ನು ಸುಣ್ಣ ಹಿಡಿಸಿ ಕೆಡಿಸುವ ನೀರು. ಇಂಥ ಗಡಸು ನೀರಿಗೆ ಸೋಪು ಹಾಕಿದರೆ ನೊರೆ ಬರುವ ಬದಲು ಕೆನೆ ಕಟ್ಟುತ್ತದೆ. ಆ ಕೆನೆ ಹೋಗಿ ಕೂಡುವುದು ಅಂಗಿಯ ಮೇಲೆಯೇ. ಮೈಯ ಜಿಡ್ಡಿನ ಮೇಲೆ ಸೋಪಿನ ಜಿಡ್ಡು, ಅದರ ಮೇಲೆ, ಕೆಲವರ ಮನೆಯಲ್ಲಿ, ಪರಿಮಳದ ಫ್ಯಾಬ್ರಿಕ್ ಕಂಡೀಶನರ್. ಈ ಕಂಡೀಶನರನ್ನು ಮಾತ್ರ ಇಂಥ ಅಂಗಿಗೆ ತಾಗಿಸಲೇಬಾರದು. ಅದು ದಾರಕ್ಕೆ ಮೆತ್ತನೆಯ ಮೇಣದಂಥ ಲೇಪ ಕೊಡುತ್ತದೆ. ಲೇಪ ಬೆವರು ಹೀರಿ ಹರಡುವುದನ್ನು ಕಟ್ಟಿಹಾಕುತ್ತದೆ, ಬೆಳ್ಳಿಯನ್ನೂ ಮುಚ್ಚುತ್ತದೆ. ಮಲ್ಲಿಗೆ ಪರಿಮಳ ಹಾರಿಹೋದ ಮೇಲೆ ಉಳಿಯುವುದು ಉಳ್ಳಾಗಡ್ಡಿಯೇ.

ನನ್ನ ರೂಢಿ ಹೀಗಿದೆ. ಹೊಲದಿಂದ ಬಂದ ಕೂಡಲೇ ಅಂಗಿಯನ್ನು ಬುಟ್ಟಿಗೆ ಮುದ್ದೆಯಾಗಿ ಎಸೆಯದೆ ಗಾಳಿಗೆ ತೂಗುಹಾಕುತ್ತೇನೆ. ಒದ್ದೆ ಮುದ್ದೆ ರಾತ್ರಿಯಿಡೀ ಬಿದ್ದಿದ್ದರೆ ಬ್ಯಾಕ್ಟೀರಿಯಾಕ್ಕೆ ಜಾತ್ರೆ. ಒಗೆಯುವಾಗ ತಿರುವಿಯೇ ಒಗೆಯಬೇಕು, ಜಿಡ್ಡು ಇರುವುದು ಒಳಮೈಗೆ. ಪುಡಿಯಲ್ಲಿ ಕಿಣ್ವ ಇರುವುದನ್ನು ನೋಡಿ ತರುತ್ತೇನೆ, ಪೊಟ್ಟಣದ ಹಿಂದೆ ‘ಎಂಜೈಮ್’ ಅಂತ ಇರುತ್ತದೆ. ಅದರಲ್ಲಿ ಲೈಪೇಸ್ ಇದ್ದರೆ ಇನ್ನೂ ಛಲೋ, ಜಿಡ್ಡನ್ನು ಕತ್ತರಿಸುವುದು ಅದೇ. ಪುಡಿ ಜಾಸ್ತಿ ಸುರಿದರೆ ಜಾಸ್ತಿ ಸ್ವಚ್ಛ ಆಗುವುದಿಲ್ಲ, ತೊಳೆದುಹೋಗದ ಪುಡಿಯೂ ವಾಸನೆಗೆ ನೆಲೆಯೇ. ಕೊನೆಯ ನೀರಿಗೆ ನಳದ ನೀರನ್ನು ಉಳಿಸಿಟ್ಟಿರುತ್ತೇನೆ, ಇಲ್ಲದಿದ್ದರೆ ಒಂದು ಸಣ್ಣ ಲೋಟ ಬಿಳಿ ವಿನೆಗರ್. ಸವಳಿನ ಸುಣ್ಣ ಬಿಡುತ್ತದೆ, ಒಣಗಿದ ಮೇಲೆ ಹುಳಿ ವಾಸನೆ ಉಳಿಯುವುದಿಲ್ಲ.

ಸಾದಾ ಅಂಗಿಗೆ ಇನ್ನೊಂದು ಉಪಾಯವಿದೆ, ಅದಕ್ಕೆ ನಮ್ಮ ಊರಿನ ಬಿಸಿಲೇ ಬೇಕು. ಆಕ್ಸಿಜನ್ ಬ್ಲೀಚ್ ಅಂತ ಪುಡಿ ಸಿಗುತ್ತದೆ, ಸೋಡಿಯಂ ಪರ್‌ಕಾರ್ಬೊನೇಟ್. ನೀರಿಗೆ ಬಿದ್ದರೆ ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಒಗೆಯುವ ಸೋಡಾ ಆಗಿ ಒಡೆಯುತ್ತದೆ. ತಣ್ಣೀರಲ್ಲಿ ಮಂದ, 40 ಡಿಗ್ರಿ ದಾಟಿದ ನೀರಲ್ಲಿ ಚುರುಕು. ಬೇರೆ ಊರವರು ಇದಕ್ಕೆ ಗೀಜರ್ ಹಾಕಬೇಕು. ನಮಗೆ ಮೇ ತಿಂಗಳ ಮಧ್ಯಾಹ್ನ ಎರಡಕ್ಕೆ ಮಾಳಿಗೆಯ ಕಪ್ಪು ಟ್ಯಾಂಕಿನ ನಲ್ಲಿ ತಿರುವಿದರೆ ಸಾಕು, ಕೈ ಚುರ್ ಅನ್ನುತ್ತದೆ. ಆ ನೀರಿಗೆ ಒಂದು ದೊಡ್ಡ ಚಮಚೆ ಪುಡಿ ಕದಡಿ ಅಂಗಿ ಮುಳುಗಿಸುತ್ತೇನೆ. ಮೊದಲು ಸಣ್ಣ ಸಣ್ಣ ಗುಳ್ಳೆ ಏಳುತ್ತವೆ, ಕಂಕುಳ ಭಾಗದಲ್ಲಿ ತುಸು ಜಾಸ್ತಿ. ಅರ್ಧ ತಾಸಿಗೆ ನೀರು ತೊಗರಿ ಕಟ್ಟಿನ ಬಣ್ಣಕ್ಕೆ ತಿರುಗುತ್ತದೆ, ಅದು ಹೊಲದ ಮಣ್ಣಷ್ಟೇ ಅಲ್ಲ, ಮುಟ್ಟಿದರೆ ಬೆರಳಿಗೆ ಜಾರುತ್ತದೆ. ಎರಡು ಮೂರು ತಾಸು ಬಿಟ್ಟು ಹಿಂಡಿ, ಮತ್ತೆ ಒಗೆದು ಒಣಗಿಸಿದರೆ, ಬೆಳಿಗ್ಗೆ ಬಸ್‌ಸ್ಟ್ಯಾಂಡಿಗೆ ನಡೆದಾಗ ಏಳುತ್ತಿದ್ದ ಹಳೆಯ ಘಾಟು ಇಲ್ಲ. 350ರ ಅಂಗಿ ಈ ಉಪಚಾರದ ನಂತರ ಒಂದು ಪೂರಾ ದಿನ 1,800ರದರ ಸರಿಸಮ ನಿಲ್ಲುತ್ತದೆ. ಬೆಳ್ಳಿಯ ಅಂಗಿಗೆ ಮಾತ್ರ ಇದನ್ನು ಮಾಡಬೇಡಿ, ಚೀಟಿಯಲ್ಲಿ ಬ್ಲೀಚ್ ಬೇಡ ಅನ್ನುವ ಗುರುತು, ತ್ರಿಕೋನಕ್ಕೆ ಕಾಟು ಹೊಡೆದದ್ದು, ಇರುತ್ತದೆ. ನಾನು ಅದಕ್ಕೆ ಕಿಣ್ವದ ಪುಡಿ ಬಿಟ್ಟು ಬೇರೆ ಹಾಕುವುದಿಲ್ಲ. ಅಗ್ಗದ ಅಂಗಿಗೆ ಗಟ್ಟಿ ಔಷಧಿ ಕೊಡಬಹುದು, ತುಟ್ಟಿ ಅಂಗಿಗೆ ಕೊಡಬಾರದು ಅನ್ನುವುದು ವಿಚಿತ್ರವೇ.

ಮನೆಯಲ್ಲೇ ಲೇಪ ಕೊಡುವ ಬಾಟಲಿಗಳೂ ಬಂದಿವೆ. ಒಗೆದ ಮೇಲೆ ಕೊನೆಯ ನೀರಿಗೆ ಹಾಕಿ ಅಂಗಿ ಅದ್ದುವುದು. ತರಿಸಿ ನೋಡಿದೆ, ದುಡ್ಡು ದಂಡ. ಗಿರಣಿಯಲ್ಲಿ ಬಿಸಿ ಕೊಟ್ಟು ಕೂರಿಸುವುದನ್ನು ಬಕೀಟಿನಲ್ಲಿ ಅದ್ದಿ ಕೂರಿಸಲು ಆಗುತ್ತದೆಯೇ? ಮೊದಲ ಒಗೆತಕ್ಕೇ ಮೊದಲಿನ ಹಾಗೆ. ಸಿಂಪಡಿಸುವ ಬಾಟಲಿಗಳಲ್ಲಿ ಒಂದು ನಮೂನೆ ಪರವಾಗಿಲ್ಲ, ಸೈಕ್ಲೊಡೆಕ್ಸ್ಟ್ರಿನ್ ಇರುವಂಥದ್ದು. ಅದು ಪಿಷ್ಟದಿಂದ ಮಾಡಿದ ಸಕ್ಕರೆಯ ಉಂಗುರ, ವಾಸನೆಯ ಅಣುವನ್ನು ನಡುವಿನ ತೂತಿನೊಳಗೆ ಹಿಡಿದಿಡುತ್ತದೆ. ಯಾವ ಬ್ಯಾಕ್ಟೀರಿಯಾವನ್ನೂ ಕೊಲ್ಲುವುದಿಲ್ಲ. ಹೊಲದಿಂದ ನೇರ ತಹಶೀಲ್ ಕಚೇರಿಗೆ ಹೋಗಬೇಕಾದಾಗ ಕಂಕುಳಿಗೆ ಎರಡು ಸಲ ಹೊಡೆದುಕೊಂಡರೆ ಸಂಜೆ ತನಕ ಮಾನ ಉಳಿಯುತ್ತದೆ. ಒಗೆತಕ್ಕೆ ಪರ್ಯಾಯ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಉಣ್ಣೆಯ ಮಾತು ಹೇಳದಿದ್ದರೆ ಕಾಕಾ ಬಿಡುವುದಿಲ್ಲ. ಅವರ ಹೆಗಲ ಮೇಲೆ ಮಳೆ, ಚಳಿ, ಬಿಸಿಲು ಯಾವ ಕಾಲಕ್ಕೂ ಒಂದು ಕರಿ ಕಂಬಳಿ. ಒಗೆದದ್ದು ಯಾವಾಗ ಅಂತ ಕೇಳಿದರೆ ನಗುತ್ತಾರೆ. ಕುರಿಯ ವಾಸನೆ ಇದೆ, ಹೊಗೆಯ ವಾಸನೆ ಇದೆ, ಮನುಷ್ಯನ ಬೆವರಿನ ವಾಸನೆ ಇಲ್ಲ. ಉಣ್ಣೆ ತೇವವನ್ನು ದಾರದ ಒಳಗೇ ಎಳೆದುಕೊಳ್ಳುತ್ತದೆ, ಶೇಕಡಾ 16ರ ಹತ್ತಿರ, ವಾಸನೆಯ ಅಣುಗಳನ್ನೂ ಒಳಗೆ ಹಿಡಿದಿಟ್ಟು ಸಲೀಸಾಗಿ ಹೊರಬಿಡುವುದಿಲ್ಲ. ಗುಡ್ಡ ಹತ್ತುವವರು ಮೆರಿನೊ ಉಣ್ಣೆಯ ತೆಳು ಅಂಗಿಗೆ ದುಡ್ಡು ಸುರಿಯುವುದು ಇದಕ್ಕೇ. ಹೈದರಾಬಾದಿಗೆ ಹೋದಾಗ ಒಂದನ್ನು ಮುಟ್ಟಿ ನೋಡಿದೆ, ಕೈಗೆ ಹಿತ, ಬೆಲೆಗೆ ಅಲ್ಲ. ಜಾಲಿ ಮುಳ್ಳು ಒಂದು ತಾಗಿದರೆ ಅಷ್ಟೂ ದುಡ್ಡು ಹರಿದಂತೆ. ನಮ್ಮ ಹೊಲದ ಕೆಲಸಕ್ಕೆ ಅದು ಬಾರದು. ಬೀದರ್ ಕೋಟೆ, ಯಾದಗಿರಿ ಬೆಟ್ಟ ಅಂತ ಚಳಿಗಾಲದಲ್ಲಿ ತಿರುಗಾಡುವವರು ಯೋಚಿಸಬಹುದು.

ಬೆಳ್ಳಿ ನೀರಿಗೆ ಬಿಟ್ಟರೆ ಎಲ್ಲಿಗೆ ಹೋಗುತ್ತದೆ ಅಂತ ನಮ್ಮ ಮಗಳು ಕೇಳಿದಳು, ಶಾಲೆಯಲ್ಲಿ ಏನೋ ಪಾಠ ಇತ್ತು. ಚರಂಡಿಗೆ. ಒಳಚರಂಡಿ ಶುದ್ಧೀಕರಣ ಘಟಕ ಇದ್ದ ಕಡೆ ಅದು ಬಹುಪಾಲು ಗಂಧಕದ ಜೊತೆ ಕೂಡಿ ಕೆಸರಿನಲ್ಲಿ ತಂಗುತ್ತದೆ. ಘಟಕ ಇಲ್ಲದ ಕಡೆ ನೇರ ಹಳ್ಳಕ್ಕೆ. ನೀರಿನ ಸಣ್ಣ ಜೀವಿಗಳಿಗೆ ಬೆಳ್ಳಿಯ ಅಯಾನು ವಿಷ. ಒಂದು ಅಂಗಿಯಲ್ಲಿ ಇರುವುದು ಚೂರೇ ಚೂರು, ನಿಜ. ಆದರೆ ಆ ಚೂರು ನನ್ನ ಕಂಕುಳಲ್ಲಿ ಉಳಿಯಲಿ ಅಂತ ನಾನು ದುಡ್ಡು ಕೊಟ್ಟಿದ್ದು, ಹಳ್ಳಕ್ಕೆ ಹೋಗಲಿ ಅಂತಲ್ಲ.

ನನ್ನ ಬೆಳ್ಳಿ ಅಂಗಿಗೆ ಈಗ ಎರಡನೇ ಬ್ಯಾಸಿಗೆ. ಬಣ್ಣ ಮಾಸಿಲ್ಲ, ಹೊಲಿಗೆ ಬಿಟ್ಟಿಲ್ಲ, ಕೊರಳ ಪಟ್ಟಿ ಸಡಿಲಾಗಿಲ್ಲ. ಹೊಲಿದವರಿಗೆ ಪೂರಾ ಅಂಕ. ವಾಸನೆಯ ವಿಷಯದಲ್ಲಿ ಮಾತ್ರ ಅದಕ್ಕೂ 350ರದಕ್ಕೂ ಈಗ ಭೇದ ಹೇಳು ಅಂದರೆ ನನಗೆ ಆಗುವುದಿಲ್ಲ, ಅತ್ತೆಗೂ ಆಗುವುದಿಲ್ಲ. ಕಣ್ಣು ಮುಚ್ಚಿಸಿ ಎರಡನ್ನೂ ಮೂಗಿನ ಮುಂದೆ ಹಿಡಿದೆ, “ಎರಡೂ ದೂರ ಇಡು” ಅಂದರು. ಕಂಪನಿಗೆ ಮಿಂಚಂಚೆ ಕಳಿಸಿ, ಎಷ್ಟು ಒಗೆತ ಬಾಳುತ್ತದೆ ಅಂತ ಕೇಳಿದ್ದೆ. ‘ಬಟ್ಟೆಯ ಜೀವಿತಾವಧಿಯವರೆಗೆ’ ಅಂತ ಉತ್ತರ ಬಂತು. ಯಾರ ಜೀವಿತಾವಧಿ ಲೆಕ್ಕವೋ ಏನೋ, ನನ್ನ ಅಂಗಿ ಇನ್ನೂ ಗಟ್ಟಿಮುಟ್ಟಾಗಿಯೇ ಇದೆ.

ಹಾಗಾಗಿ ಕೇಳುವವರಿಗೆ ನಾನು ಹೇಳುವುದು: ರಾತ್ರಿ ಮನೆಗೆ ಬಂದು ಅಂಗಿ ಒಗೆಯುವ ಅನುಕೂಲ ಇದ್ದರೆ, ಅಂದರೆ ಕಾಲೇಜು ಮೈದಾನದಲ್ಲಿ ಓಡುವವರು, ಬೆಳಿಗ್ಗೆ ಅಪ್ಪನ ಕೆರೆ ಸುತ್ತುವವರು, ಇವರಿಗೆ ಬೆಳ್ಳಿ ಬೇಕಿಲ್ಲ. 1,800ರಲ್ಲಿ ಸಾದಾ ಅಂಗಿ ಐದು ಬರುತ್ತವೆ, ದಿನಕ್ಕೊಂದು ಹಾಕಿ, ಪರ್‌ಕಾರ್ಬೊನೇಟಿಗೆ ಒಂದಿಷ್ಟು ತೆಗೆದಿಡಿ. ಹೊರಗೆ ಉಳಿದು ಕೆಲಸ ಮಾಡುವವರು, ನೀರಿಲ್ಲದ ಕಡೆ ಎರಡು ರಾತ್ರಿ ಕಳೆಯುವವರು, ಬೆನ್ನಿಗೆ ಒಂದೇ ಚೀಲ ಕಟ್ಟಿಕೊಂಡು ಗುಡ್ಡ ಹತ್ತುವವರು ಒಂದು ಕೊಳ್ಳಿ, ಒಂದೇ ಕೊಳ್ಳಿ, ಅದನ್ನು ಆ ಕೆಲಸಕ್ಕೇ ಎತ್ತಿಡಿ. ದಿನಾ ತೊಟ್ಟು ದಿನಾ ಒಗೆದು ಬೆಳ್ಳಿಯನ್ನೆಲ್ಲ ಚರಂಡಿಗೆ ಬಿಡಬೇಡಿ. ಕೊಳ್ಳುವಾಗ ಬೆಳ್ಳಿ ದಾರದೊಳಗಿದೆಯೋ ಮೇಲಿಂದ ಹಚ್ಚಿದ್ದೋ ಅಂತ ಕೇಳಿ. ಉತ್ತರ ಬರಲಿಕ್ಕಿಲ್ಲ, ಆದರೂ ಕೇಳಿ, ನಾಲ್ಕು ಗಿರಾಕಿ ಕೇಳಿದರೆ ಅಂಗಡಿಯವ ಕಂಪನಿಯವರನ್ನು ಕೇಳುತ್ತಾನೆ.

ಹೆಣ್ಣುಮಕ್ಕಳಿಗೆ ಒಂದು ಮಾತು. ಪೂರ್ತಿ ತೋಳಿನ, ಸೊಂಟದ ಕೆಳಗೆ ಇಳಿಯುವ ಬೆಳ್ಳಿ ಅಂಗಿ ಮಹಿಳೆಯರ ಅಳತೆಯಲ್ಲಿ ನನಗೆ ಕಲಬುರಗಿಯಲ್ಲಿ ಸಿಗಲಿಲ್ಲ. ಇದ್ದವೆಲ್ಲ ಮೈಗೆ ಅಂಟುವ ಗಿಡ್ಡ ತೋಳಿನವು, ಬಗ್ಗಿ ಕಲ್ಲು ನೋಡುವ ಕೆಲಸಕ್ಕೆ ಆಗುವುದಿಲ್ಲ. ನಾನು ತೊಡುವುದು ಗಂಡಸರ ಸ್ಮಾಲ್. ಭುಜ ತುಸು ಇಳಿಯುತ್ತದೆ, ತೋಳು ಬೆರಳತನಕ ಬರುತ್ತದೆ, ಒಂದು ಮಡಿಕೆ ಹಾಕಿದರೆ ಸರಿ. ಸಡಿಲ ಇದ್ದಷ್ಟು ಗಾಳಿ ಆಡುತ್ತದೆ. ಬಣ್ಣ ಬೂದಿ ತೆಗೆದುಕೊಳ್ಳಿ, ಕಪ್ಪು ಬೇಡ, ಬಿಸಿಲು ಎಳೆಯುತ್ತದೆ, ಮೇಲಾಗಿ ಉಪ್ಪಿನ ಗೆರೆ ಅದರ ಮೇಲೆ ಎದ್ದು ಕಾಣುತ್ತದೆ.